ಏಡಿಗಳ ಮೇಲೆ ಆಯಿಯ ಪಹರೆ

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಗೋವಾ ಅನ್ನುವ ಎರಡಕ್ಷರ ಆಡುವಂತಿರಲಿಲ್ಲ. ಆಡಿದರೆ ಅಪ್ಪ ಬಾಯಿಗೆ ಒಯ್ದ ತುತ್ತನ್ನು ತಾಟಿಗೇ ಇಳಿಸುತ್ತಿದ್ದ. ಶಹಾಪುರದಲ್ಲಿ ಅವನದು ಸೀರೆ ಅಂಗಡಿ. ಓಣಿಯ ಮಗ್ಗದ ಸಾವಕಾರರಲ್ಲಿ ಕೆಲವರು ಶನಿವಾರ ದೇವರಿಗೆ ಹೋಗುತ್ತೇವೆಂದು ಗೋವಾದ ಗಾಡಿ ಹತ್ತಿ, ಸೋಮವಾರ ಕೆಂಪು ಕಣ್ಣು ಹೊತ್ತು ಬಂದು ಇವನ ಅಂಗಡಿಯ ಗಾದಿಯ ಮೇಲೆ ಒರಗುತ್ತಿದ್ದರು. ಹಾಗಾಗಿ ಅಪ್ಪನ ಲೆಕ್ಕದಲ್ಲಿ ಗೋವಾ ಅಂದರೆ ಊರಲ್ಲ, ಒಂದು ರೋಗ.

ಅಂಥ ಮನೆಯಿಂದ ನಾನು ಗೋವಾಕ್ಕೆ ಹೋಗಬೇಕಾಗಿತ್ತು. ಅದೂ ಕೆಸರು ತುಳಿಯಲಿಕ್ಕೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಬೆಳಗಾವಿಯ ಕಾಲೇಜೊಂದರಲ್ಲಿ ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ನಮಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸರ್ ಕರಾವಳಿಯ ಕಡೆಯವರು. ಸಣಕಲು ದೇಹ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಆ ಬೂಟನ್ನು ದಿನಾ ತೊಳೆದು ಪ್ರಯೋಗಶಾಲೆಯ ಕಿಟಕಿಯಲ್ಲಿ ಒಣಗಲಿಕ್ಕೆ ಇಡುತ್ತಿದ್ದರು. ಗಿಡಕ್ಕೆ ಯಾರಾದರೂ 'ಕಸ' ಅಂದರೆ ಆ ದಿನ ಅವರೊಡನೆ ಮಾತಾಡುತ್ತಿರಲಿಲ್ಲ. ಗೋವಾದ ಒಂದು ಹಳ್ಳಿಯಲ್ಲಿ ಅವರ ಗೆಳೆಯರಿದ್ದರು. ಆ ಊರಿನ ಗದ್ದೆಗಳಿಗೂ ಹೊಳೆಯ ಉಪ್ಪುನೀರಿಗೂ ನಡುವೆ ಒಂದು ಮಣ್ಣಿನ ಒಡ್ಡು. ಒಡ್ಡಿನ ಮುಂದೆ ಕೆಸರಿನಲ್ಲಿ ಬೆಳೆದಿದ್ದ ಕಾಂಡ್ಲಾ ಕಾಡನ್ನು ಊರವರು ವರ್ಷಗಟ್ಟಲೆ ಉರುವಲಿಗೆ ಕಡಿದಿದ್ದರು. ಕಾಡು ಹೋದ ಮೇಲೆ ಭರತಿಯ ನೀರು ನೇರ ಒಡ್ಡಿಗೇ ಬಡಿಯತೊಡಗಿತು. ಒಡ್ಡು ಕುಸಿದರೆ ಗದ್ದೆಗೆ ಉಪ್ಪು. ಈಗ ಊರವರಿಗೆ ಬುದ್ಧಿ ಬಂದು ಮತ್ತೆ ಗಿಡ ಹಚ್ಚಬೇಕೆಂದಿದ್ದರು. ಆದರೆ ಹಚ್ಚಿದ್ದನ್ನೆಲ್ಲ ಏಡಿಗಳು ಕತ್ತರಿಸಿ ತಿನ್ನುತ್ತಿದ್ದವು.

"ಏಡಿ ಎಷ್ಟು ತಿನ್ನುತ್ತದೆ, ಹೇಗೆ ಹಚ್ಚಿದರೆ ಎಷ್ಟು ಉಳಿಯುತ್ತದೆ, ಅದನ್ನು ನಾವು ಹೋಗಿ ನೋಡಬೇಕು ಮಾರಾಯರೇ," ಅಂದರು ಸರ್. "ದಸರೆ ರಜೆಯಲ್ಲಿ. ಯಾರು ಬರ್ತೀರಿ?"

ನಾಲ್ಕು ಹುಡುಗರು, ಮೂರು ಹುಡುಗಿಯರು ಕೈ ಎತ್ತಿದೆವು. ಹುಡುಗರು ಎತ್ತಿದ್ದು ಸಮುದ್ರಕ್ಕಾಗಿ. ನಾನು ಎತ್ತಿದ್ದು ಟಿಳಕವಾಡಿಯ ನನ್ನ ಗೆಳತಿ ಎತ್ತಿದಳೆಂದು. ಮರಾಠಿ ಮನೆಯ ಹುಡುಗಿ. ಅವಳು ಬಾವಿಗೆ ಹಾರಿದರೂ ನಾನು ಹಾರುತ್ತಿದ್ದ ಕಾಲ ಅದು.

ಹೋಗುವ ಮುಂಚೆ ಕೆಸರಿನಲ್ಲಿ ನಡೆಯುವುದನ್ನು ಕಲಿಯಬೇಕೆಂದು ಸರ್ ಹಟ ಹಿಡಿದರು. ಬೆಳಗಾವಿಯ ರಸ್ತೆಗಳಲ್ಲಿ ಬೇಕಾದಷ್ಟು ಕೆಸರಿದೆ ಎಂದು ಹುಡುಗರು ಹೇಳಿದ್ದು ಅವರಿಗೆ ಸರಿಬರಲಿಲ್ಲ. ಯಾರದಾದರೂ ಭತ್ತದ ಗದ್ದೆ ಇದೆಯೇ ಎಂದು ಕೇಳಿದರು. ಖಾನಾಪುರದಲ್ಲಿ ನನ್ನ ಅವ್ವನ ತವರಿತ್ತು. ಅಲ್ಲಿ ನನ್ನ ಮಾಮಾನ ಗದ್ದೆ ಇತ್ತು. ಮತ್ತು ಅಲ್ಲಿ ಆಯಿ ಇದ್ದಳು.

ಅವ್ವನ ಅವ್ವನಿಗೆ ನಾವು ಆಯಿ ಅನ್ನುತ್ತಿದ್ದೆವು. ಖಾನಾಪುರದ ಅರ್ಧ ಊರು ಮರಾಠಿ. ಅವರಿಗೆ ಆಯಿ ಅಂದರೆ ತಾಯಿ. ಹೀಗಾಗಿ ಪೇಟೆಯಲ್ಲಿ ನಾನು ಅವಳನ್ನು ಕೂಗಿದಾಗಲೆಲ್ಲ ಹೊಸಬರು ನಮ್ಮಿಬ್ಬರ ವಯಸ್ಸನ್ನು ತೂಗಿ ನೋಡಿ ಗಾಬರಿಯಾಗುತ್ತಿದ್ದರು. ಆಯಿಗೆ ಅದರಿಂದ ಬಹಳ ಖುಷಿ.

ಜುಲೈ ತಿಂಗಳ ಒಂದು ಬೆಳಿಗ್ಗೆ ನಾವು ಕೆಂಪು ಬಸ್ಸಿನಿಂದ ಇಳಿದು ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತೆವು. ಆಯಿ ಇಳಕಲ್ ಸೀರೆಯ ಕಚ್ಚೆ ಹಾಕಿಕೊಂಡು, ಮಳೆಗೆಂದು ತಲೆಯ ಮೇಲೆ ಗೊರಬು ಹೊತ್ತು, ನಾಟಿಯ ಹೆಂಗಸರನ್ನೆಲ್ಲ ಕೆಲಸ ಬಿಡಿಸಿ ನಮ್ಮನ್ನು ನೋಡಲಿಕ್ಕೆ ಕೂಡ್ರಿಸಿದ್ದಳು.

"ನೋಡಿ, ಪಾದವನ್ನು ನೇರ ಎತ್ತಬಾರದು," ಸರ್ ಬದುವಿನ ಮೇಲಿಂದ ಪಾಠ ಶುರು ಮಾಡಿದರು. "ಮೊದಲು ಹಿಮ್ಮಡಿ ಬಿಡಿಸಿಕೊಳ್ಳಬೇಕು. ಹೀಗೆ."

ಒಂದು ಹೆಜ್ಜೆ ಇಟ್ಟರು. ಮೊಣಕಾಲ ತನಕ ಹೋದರು. ಹಿಮ್ಮಡಿ ಬಿಡಿಸಿಕೊಂಡು ಕಾಲೆತ್ತಿದಾಗ ಕಾಲಷ್ಟೇ ಬಂತು, ಬಿಳಿ ಬೂಟು ಬರಲಿಲ್ಲ. ಹುಡುಗರು ಕೈ ಹಾಕಿ ಹುಡುಕಿದರು. ಹುಡುಕಿದಷ್ಟೂ ಅದು ಕೆಳಗೆ ಹೋಯಿತು.

"ಇರಲಿ ಬಿಡ್ರಿ ಮಾಸ್ತರ," ಅಂದಳು ಆಯಿ, "ಈ ವರ್ಷ ನಮಗ ಗೊಬ್ಬರ ತರೂದು ತಪ್ಪಿತು."

ನಾಟಿಯ ಹೆಂಗಸರ ನಗೆಗೆ ಗದ್ದೆಯ ಬೆಳ್ಳಕ್ಕಿಗಳು ಎದ್ದು ಹಾರಿದವು. ಸರ್ ಮಾತ್ರ ಉಳಿದ ಒಂದು ಬೂಟನ್ನೂ ಬಿಚ್ಚಿ ಬದುವಿನ ಮೇಲಿಟ್ಟು ಗಂಭೀರವಾಗಿ ಪಾಠ ಮುಂದುವರಿಸಿದರು. ಸಂಜೆಯ ಹೊತ್ತಿಗೆ ನಮಗೆ ನಡೆಯಲಿಕ್ಕೆ ಬಂತು. ಬೀಳಲಿಕ್ಕೆ ಇನ್ನೂ ಚೆನ್ನಾಗಿ ಬಂತು.

ದಸರೆ ಹತ್ತಿರ ಬಂದಾಗ ಪ್ರಿನ್ಸಿಪಾಲರು ಕಲ್ಲು ಹಾಕಿದರು. ಹುಡುಗಿಯರು ಹೋಗಬೇಕಾದರೆ ಜೊತೆಗೆ ಒಬ್ಬ ಹಿರಿಯ ಹೆಂಗಸು ಇರಲೇಬೇಕು. ನಮ್ಮ ವಿಭಾಗದ ಮೇಡಮ್ಮು ಹೆರಿಗೆಗೆ ತವರಿಗೆ ಹೋಗಿದ್ದರು. ಗೆಳತಿಯ ತಾಯಿಗೆ ಸಂಧಿವಾತ. ಇನ್ನೊಬ್ಬ ಹುಡುಗಿಯ ತಾಯಿ ಕಾಂಡ್ಲಾ ಅಂದರೆ ಏನೆಂದು ಕೇಳಿ, ಕೆಸರಿನ ಗಿಡವೆಂದು ತಿಳಿದ ಮೇಲೆ ಮಗಳನ್ನೇ ಬಿಡಿಸಿಕೊಳ್ಳುವ ಯೋಚನೆಯಲ್ಲಿದ್ದಳು. ಉಳಿದವಳು ಆಯಿ.

ಆಗ ನಾನು ಒಂದೇ ವಾರದಲ್ಲಿ ಮೂರು ಮಾತು ಹುಟ್ಟಿಸಿದೆ. ಅಪ್ಪನಿಗೆ, "ಸರ್ ಭಾಳ ಒತ್ತಾಯ ಮಾಡಿ ಆಯಿನ್ನ ಕರದಾರ. ಆಯಿ ಹೂಂ ಅಂದಾಳ," ಅಂದೆ. ಅತ್ತೆಯ ಮುಂದೆ ಕುರ್ಚಿಯ ಮೇಲೆ ಕೂಡಲೂ ಹೆದರುತ್ತಿದ್ದ ಅಪ್ಪ, ಗೋವಾ ಅನ್ನುವ ಮಾತು ನುಂಗಿಕೊಂಡ. ಖಾನಾಪುರಕ್ಕೆ ಹೋಗಿ ಆಯಿಗೆ, "ಅತ್ತಿಯವರು ಜೋಡಿ ಇದ್ದರ ಅಷ್ಟ ಕಳಸ್ತೇನಿ ಅಂದಾನ ಅಪ್ಪ," ಅಂದೆ. "ಅಂದಾರಾ ಅಳಿಯಾರು?" ಎಂದು ಆಯಿ ಸೆರಗು ಸರಿಪಡಿಸಿಕೊಂಡಳು. ಸರ್‌ಗೆ, "ನಮ್ಮ ಆಯಿಗೆ ಗಿಡದ ಮ್ಯಾಲೆ ಭಾಳ ಜೀವ ಸರ್. ತಾನೂ ಬರ್ತೀನಿ ಅಂತ ಬೆನ್ನ ಹತ್ತ್ಯಾಳ," ಅಂದೆ.

ಮೂರರಲ್ಲಿ ಎರಡು ಮಾತು ಬೆಳಗಾವಿ ಸ್ಟೇಷನ್ನಿನಲ್ಲೇ ಎದುರುಬದುರಾಗುವ ಹೊತ್ತು ಬಂತು. ಅಪ್ಪ ಕಳಿಸಲಿಕ್ಕೆ ಬಂದಿದ್ದ. ಸರ್‌ಗೆ ಕೈಮುಗಿದು, "ನೀವ ಇಷ್ಟ ಆಗ್ರಹ ಮಾಡಿ ನಮ್ಮ ಅತ್ತಿಯವರನ್ನ ಕರದ್ರಿ..." ಎಂದು ಶುರು ಮಾಡಿದ.

"ನಾನೇ? ಇಲ್ಲ, ಅವರೇ..." ಎಂದರು ಸರ್.

ನನ್ನ ಕೈಯಿಂದ ಕಟಕ ರೊಟ್ಟಿಯ ಡಬ್ಬಿ ಜಾರಿತು. ಪ್ಲಾಟ್‌ಫಾರಂ ತುಂಬ ರೊಟ್ಟಿಯ ಚೂರು, ಶೇಂಗಾ ಚಟ್ನಿ. ಅಪ್ಪ ಬಗ್ಗಿ ಆರಿಸತೊಡಗಿದ, ಸರ್ ಬಗ್ಗಿ ಆರಿಸತೊಡಗಿದರು, ಗಾಡಿ ಸೀಟಿ ಹೊಡೆಯಿತು. ಗೆಳತಿ ನನ್ನ ಕಿವಿಯಲ್ಲಿ, "ನಿನಗ ನರಕಾನೂ ರಿಝರ್ವ್ ಆಗೇದ," ಅಂದಳು.

ಆಯಿ ಖಾನಾಪುರದಲ್ಲಿ ಹತ್ತಿದಳು. ಒಂದು ಕರೇ ಕೊಡೆ, ಒಂದು ಕೂಡುವ ಮಣಿ, ಕರಡಿಗೆಯ ಲಿಂಗ, ಮತ್ತು ನಮ್ಮೆಲ್ಲರ ತಲೆ ಮೇಲೆ ಇಡುವಷ್ಟು ದೊಡ್ಡ ರೊಟ್ಟಿಯ ಗಂಟು. ಹತ್ತಿದವಳೇ ಹುಡುಗರನ್ನು ಒಂದು ಬದಿ, ಹುಡುಗಿಯರನ್ನು ಇನ್ನೊಂದು ಬದಿ ಕೂಡ್ರಿಸಿ ನಡುವೆ ತಾನು ಕೂತಳು. ಲೋಂಡಾದಲ್ಲಿ ಗಾಡಿ ಬದಲಿಸುವಷ್ಟರಲ್ಲಿ ನಾಲ್ಕೂ ಹುಡುಗರ ಕುಲಗೋತ್ರ ಅವಳ ಬಾಯಲ್ಲಿತ್ತು. ಘಟ್ಟದ ಬೋಗದೆಗಳಲ್ಲಿ ಕತ್ತಲಾದಾಗಲೆಲ್ಲ ಕೊಡೆಯ ತುದಿಯಿಂದ ಎದುರಿನ ಬಾಕನ್ನು ಟಕಟಕ ಬಡಿಯುತ್ತಿದ್ದಳು.

"ಯಾಕ್ ಆಯಿ?" ಎಂದ ಒಬ್ಬ ಹುಡುಗ ಕತ್ತಲಲ್ಲೇ.

"ಏನಿಲ್ಲ ತಮ್ಮಾ. ಎಲ್ಲಾರೂ ಅವರವರ ಜಾಗಾದಾಗ ಇದ್ದೀರಿಲ್ಲೋ ಅಂತ ನೋಡಿದೆ."

ಹಳ್ಳಿಯ ಸಾಲಿಯಲ್ಲಿ ನಮಗೆ ಎರಡು ಕೋಣೆ ಕೊಟ್ಟಿದ್ದರು. ಮರುದಿನವೇ ಕೆಲಸ. ನೀರು ಇಳಿದಾಗ ಒಡ್ಡಿನ ಮುಂದೆ ಕೆಸರಿನ ಬಯಲು ತೆರೆದುಕೊಳ್ಳುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆಯೊಡನೆ. ಕೆಸರಿನ ತುಂಬ ತೂತು, ತೂತಿನ ತುಂಬ ಏಡಿ. ಅರಣ್ಯ ಇಲಾಖೆಯವರು ಗೋಣಿಚೀಲಗಳಲ್ಲಿ ಕಾಂಡ್ಲಾದ ಕೋಡುಗಳನ್ನು ಕೊಟ್ಟಿದ್ದರು. ಈ ಮರದ ಬೀಜ ಮರದ ಮೇಲೆಯೇ ಮೊಳೆತು ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತಾಡುತ್ತದೆ. ಬಲಿತ ಮೇಲೆ ಕೆಳಗೆ ಬಿದ್ದು ಕೆಸರಿಗೆ ನಾಟಿ ಬೇರು ಬಿಡುತ್ತದೆ. ನಾವು ಮಾಡಬೇಕಾದದ್ದು ಇಷ್ಟೇ: ಹಗ್ಗ ಕಟ್ಟಿ ಎರಡು ಚೌಕ ಮಾಡುವುದು, ಎರಡರಲ್ಲೂ ಸಾಲಾಗಿ ಕೋಡು ಊರುವುದು. ಒಂದು ಚೌಕದಲ್ಲಿ ಪ್ರತಿ ಕೋಡಿಗೂ ಬಿದಿರಿನ ಕೊಳವೆ ತೊಡಿಸುವುದು, ಇನ್ನೊಂದನ್ನು ಬರಿಯಾಗಿ ಬಿಡುವುದು. ಪ್ರತಿಯೊಂದಕ್ಕೂ ಎಣ್ಣೆಯ ಡಬ್ಬಿಯ ತಗಡು ಕತ್ತರಿಸಿ ನಂಬರು ಕೊರೆದು ಕಟ್ಟಿದ್ದೆವು. ದಿನಾ ನೀರಿಳಿದಾಗ ಅಳೆಯುವುದು, ಸತ್ತದ್ದನ್ನು ಎಣಿಸುವುದು. ಬರಿ ಚೌಕದಲ್ಲಿ ಏಡಿಗಳು ಊಟ ಮಾಡುತ್ತವೆ, ಕೊಳವೆಯ ಚೌಕದಲ್ಲಿ ಉಪವಾಸ ಬೀಳುತ್ತವೆ ಎಂದು ಸರ್ ನಂಬಿದ್ದರು.

ಕೊಳವೆಯ ಚೌಕ ಹೊಳೆಯ ತಿರುವಿನಾಚೆ. ಬರಿ ಚೌಕ ಒಡ್ಡಿನ ಬಾಜೂಕ್ಕೇ, ಒಂದು ಗೇರು ಮರದ ಹತ್ತಿರ. ಅಲ್ಲಿ ಊರ ದನ ಬರುವ ಅಂಜಿಕೆ ಇತ್ತು. ಸರ್ ತಾವೇ ಮರದ ನೆರಳಿಗೆ ಆಯಿಯ ಮಣಿ ಹಾಕಿಕೊಟ್ಟರು.

"ಅಮ್ಮಾ, ಈ ಚೌಕ ನಿಮ್ಮ ಜವಾಬ್ದಾರಿ. ಒಂದು ಗಿಡವೂ ಹಾಳಾಗಬಾರದು ನೋಡಿ."

ಅವರ ಮನಸ್ಸಿನಲ್ಲಿ ಇದ್ದದ್ದು ದನ. ಆದರೆ ದನ ಅನ್ನುವ ಶಬ್ದ ಅವರು ಬಾಯಿ ಬಿಟ್ಟು ಹೇಳಲಿಲ್ಲ.

"ಹೋಗ್ರಿ ನೀವು," ಅಂದಳು ಆಯಿ. "ನಾ ಅದೀನಿ."

ಎರಡು ಮೂರು ದಿನ ಕಳೆದವು. ನಾವು ತಿರುವಿನಾಚೆ ಕೊಳವೆಗಳೊಡನೆ ಗುದ್ದಾಡುತ್ತಿದ್ದೆವು. ಕೊಳವೆಯೊಳಗೆ ರೇವೆ ಮಣ್ಣು ತುಂಬಿ ಕೆಲವು ಕೋಡು ಕೊಳೆತವು. ಕೆಲವು ಏಡಿಗಳು ಬಿದಿರು ಹತ್ತಿ ಒಳಗಿಳಿದು ಸಾವಕಾಶ ಕೂತು ಉಂಡವು. ಬೇಸರದಿಂದ ಬರಿ ಚೌಕಕ್ಕೆ ಬಂದರೆ ಅಲ್ಲಿ ಕೋಡುಗಳೆಲ್ಲ ಸಿಪಾಯಿಗಳ ಹಾಗೆ ನೆಟ್ಟಗೆ ನಿಂತಿದ್ದವು. ಒಂದೂ ಸತ್ತಿರಲಿಲ್ಲ.

ಅಳತೆಯ ಕೆಲಸ ನನ್ನದು ಮತ್ತು ಗೆಳತಿಯದು. ಅದರಲ್ಲಿ ಏನೋ ಎಡವಟ್ಟಾಗುತ್ತಿತ್ತು. ನಿನ್ನೆ ಗೇಣುದ್ದ ಇದ್ದ ಗಿಡ ಇವತ್ತು ಮೊಳದುದ್ದ. ಅದರ ಬಾಜೂದ್ದು ನಿನ್ನೆಗಿಂತ ನಾಲ್ಕು ಬೆರಳು ಗಿಡ್ಡ.

"ಸರ್, ಈ ಗಿಡ ಕುಗ್ಗೇತ್ರಿ," ಅಂದೆ.

"ಗಿಡ ಕುಗ್ಗುವುದಿಲ್ಲ ಮಾರಾಯ್ತೀ. ನಿನ್ನ ಅಳತೆಪಟ್ಟಿ ಕುಗ್ಗಿದೆ. ಸರಿಯಾಗಿ ಹಿಡಿ."

ಇನ್ನೊಂದು ಸಂಗತಿ. ಹೊಳೆಯಂಚಿನಲ್ಲಿ ನೆನೆಹಾಕಿದ್ದ ಗೋಣಿಚೀಲದ ಕೋಡುಗಳು ದಿನದಿನಕ್ಕೆ ಕಡಿಮೆಯಾಗುತ್ತಿದ್ದವು. ನಮ್ಮಲ್ಲಿ ಒಬ್ಬ ಹುಡುಗನಿಗೆ ಎರಡು ಕೋಡು ಹಿಡಿದು ಕತ್ತಿವರಸೆ ಆಡುವ ಚಟವಿತ್ತು. ಎಲ್ಲರೂ ಅವನ ಮೇಲೆಯೇ ಹಾಕಿದೆವು. ಅವನು ತಾಯಿಯ ಆಣೆ, ದೇವರ ಆಣೆ, ಕೊನೆಗೆ ಪರೀಕ್ಷೆಯ ಆಣೆ ಮಾಡಿದ. ಯಾರೂ ನಂಬಲಿಲ್ಲ. ಆಯಿ ಅಂತೂ, "ಖರೇ ಹೇಳಿಬಿಡು ತಮ್ಮಾ, ಹೊಡ್ಯಾಂಗಿಲ್ಲ," ಎಂದು ಅವನ ತಲೆ ಸವರಿದಳು.

ಐದಾರು ದಿನ ಕಳೆಯುವಷ್ಟರಲ್ಲಿ ಸರ್ ಮುಖದ ಮೇಲೆ ಒಂದು ಹೊಳಪು ಬಂದಿತ್ತು. ಊಟವಾದ ಮೇಲೆ ನಮ್ಮನ್ನೆಲ್ಲ ಸಾಲಿಯ ಬೋರ್ಡಿನ ಮುಂದೆ ಕೂಡ್ರಿಸಿದರು. ಅವರಿಗೆ ಹೊಸ ವಿಚಾರ ಹೊಳೆದಿತ್ತು. ಬಟಾಬಯಲಿನಲ್ಲಿ ಏಡಿಗೆ ಬೆಳ್ಳಕ್ಕಿಯ ಭಯ. ಬರಿ ಗಿಡದ ಹತ್ತಿರ ಬಂದರೆ ಹಕ್ಕಿಗೆ ಕಾಣುತ್ತದೆ, ಅದಕ್ಕೇ ಬರುವುದಿಲ್ಲ. ಬಿದಿರಿನ ಕೊಳವೆ ಏಡಿಗೆ ಅಡಗಿಕೊಳ್ಳಲು ಮನೆ ಇದ್ದ ಹಾಗೆ. ನಾವು ಗಿಡ ಕಾಯುತ್ತೇವೆಂದು ತಿಳಿದು ಏಡಿಗೆ ಮನೆ ಕಟ್ಟಿಕೊಟ್ಟಿದ್ದೇವೆ! ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಹಕ್ಕಿಯ ಭಯ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಏಡಿ, ಹಕ್ಕಿ, ಗಿಡ ಮೂರರ ಚಿತ್ರವನ್ನೂ ತೆಗೆದರು. ಚಿತ್ರ ಚೆನ್ನಾಗಿತ್ತು. ನಾವು ಚಪ್ಪಾಳೆ ತಟ್ಟಿದೆವು. ಬಾಗಿಲಲ್ಲಿ ಅಡ್ಡ ಕೂತಿದ್ದ ಆಯಿಯೂ ತಟ್ಟಿದಳು.

ಎರಡು ದಿನ ಬಿಟ್ಟು ಅರಣ್ಯ ಇಲಾಖೆಯ ಸಾಹೇಬರೊಬ್ಬರು ಕೆಲಸ ನೋಡಲು ಬಂದರು. ಮೀಸೆಯ, ಕಡಿಮೆ ಮಾತಿನ ಮನುಷ್ಯ. ಸರ್ ಅವರನ್ನು ಒಡ್ಡಿನ ಮೇಲೆ ನಿಲ್ಲಿಸಿ ಹಕ್ಕಿಯ ಭಯವನ್ನು ವಿವರಿಸಿದರು. ಸಾಹೇಬರು ಬರಿ ಚೌಕವನ್ನು ನೋಡಿದರು. ತಲೆ ತುರಿಸಿಕೊಂಡರು.

"ನಮ್ಮವರು ಹಚ್ಚಿದಾಗ ಒಂದೂ ಉಳಿಯಲಿಲ್ಲ," ಅಂದರು. "ಇಲ್ಲಿ ಒಂದೂ ಸತ್ತಿಲ್ಲ. ಯಾರು ಕಾಯ್ತಾರೆ?"

"ಈ ಅಮ್ಮ," ಎಂದರು ಸರ್, ಹೆಮ್ಮೆಯಿಂದ.

ಸಾಹೇಬರು ಆಯಿಯ ಕಡೆ ತಿರುಗಿ ಮರಾಠಿಯಲ್ಲಿ, ಏಡಿಗಳು ಇಲ್ಲಿ ಬರುವುದೇ ಇಲ್ಲವೇ ಎಂದು ಕೇಳಿದರು. ಆಯಿ ಎದ್ದು ನಿಂತಳು. ಇಷ್ಟು ದಿನ ಅವಳ ಕೆಲಸವನ್ನು ಯಾರೂ ವಿಚಾರಿಸಿರಲಿಲ್ಲ. ಮರಾಠಿಯಲ್ಲಿ ಶುರು ಮಾಡಿ, ಹುರುಪು ಏರಿದ ಹಾಗೆ ಕನ್ನಡಕ್ಕೆ ಇಳಿದಳು.

"ಬರಾಂಗಿಲ್ಲ ಅಂತ ಯಾರ ಅಂದ್ರು? ದಂಡ ಕಟಗೊಂಡ ಬರ್ತಾವ, ಭಾಡ್ಯಾಗಳು! ಮಾಸ್ತರ ಒಂದೂ ಹಾಳಾಗಬಾರದು ಅಂದಿದ್ರು. ನಾ ಒಂದೂ ಹಾಳಾಗಗೊಟ್ಟಿಲ್ಲ. ಕತ್ತರಿಸಿದ್ದಕ್ಕೆಲ್ಲಾ ಚೀಲದಾಗಿಂದ ಬ್ಯಾರೆ ತಂದು ಹಚ್ಚೇನಿ. ಆ ತಗಡಿನ ಚೀಟಿ ಸುದ್ದಾ ಬಿಚ್ಚಿ ಹೊಸಾದಕ್ಕ ಕಟ್ಟೇನಿ, ನೋಡ್ರಿ ಬೇಕಾರ!"

ಅಷ್ಟರಲ್ಲಿ ಚೌಕದ ಮೂಲೆಯಲ್ಲಿ ಒಂದು ಕೋಡು ಅಲುಗಾಡಿ ಒರಗಿತು. ಆಯಿ ಕೊಡೆ ಎತ್ತಿಕೊಂಡು, ಕಚ್ಚೆ ಏರಿಸಿ, ನಮ್ಮಲ್ಲಿ ಯಾರಿಗೂ ಬಾರದಷ್ಟು ಹಗುರ ಹೆಜ್ಜೆಯಲ್ಲಿ ಕೆಸರಿಗಿಳಿದಳು. ಏಡಿ ತೂತು ಸೇರಿತು. ಆಯಿ ಕೊಡೆಯ ತುದಿಯಿಂದ ತೂತಿನ ಬಾಯಿಗೆ ನಾಲ್ಕು ಬಡಿದು, ತುಂಡಾದ ಕೋಡನ್ನು ಎತ್ತಿ ಸಾಹೇಬರಿಗೆ ತೋರಿಸಿದಳು.

ಒಡ್ಡಿನ ಮೇಲಿದ್ದ ಕತ್ತಿವರಸೆಯ ಹುಡುಗ ಎರಡೂ ಕೈ ಮೇಲೆತ್ತಿ, "ಸರ್! ನಾ ಹೇಳಿದ್ನಿಲ್ಲೋ!" ಎಂದು ಕೂಗಿದ. ಗಿಡಕ್ಕೆಂದು ತಂದ ಕೋಡು ಗಿಡಕ್ಕೇ ಹೋದದ್ದು ಆಯಿಯ ಲೆಕ್ಕದಲ್ಲಿ ಕಳವೇ ಆಗಿರಲಿಲ್ಲ. ಸಾಹೇಬರ ಮೀಸೆಯ ಕೆಳಗೆ ಏನೋ ನಡೆಯುತ್ತಿತ್ತು. ಅವರು ಹೊಳೆಯ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದರು.

ಸರ್ ಕೆಸರಿಗಿಳಿದು ಆಯಿಯ ಹತ್ತಿರ ಹೋದರು. "ಎಷ್ಟು ಬದಲಿಸಿದಿರಿ ಅಮ್ಮಾ?" ಎಂದು ಮೆಲ್ಲಗೆ ಕೇಳಿದರು.

"ನಾ ಯಾಕ ಎಣಸ್ಲಿ? ಗದ್ದ್ಯಾಗ ಸಸಿ ಸತ್ತರ ಇನ್ನೊಂದು ಹಚ್ತೇವಿ. ಲೆಕ್ಕ ಯಾರ ಇಡ್ತಾರ?"

ಸರ್ ಸಾಲಿಗೆ ಹೋಗಿ ಬೋರ್ಡು ಒರೆಸಿದರು. ವಸ್ತ್ರ ಸಿಗದೆ ಅಂಗಿಯ ತೋಳಿನಿಂದಲೇ ಒರೆಸಿದ್ದರಿಂದ ಅಕ್ಷರ ಹೋಗಿ ಹಕ್ಕಿಯ ಕಾಲುಗಳು ಉಳಿದಿದ್ದವು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ನಾವು ನಗಬೇಕೋ ಅಳಬೇಕೋ ತಿಳಿಯದೆ, ಕೋಣೆಯ ಬಾಗಿಲು ಹಾಕಿಕೊಂಡು ಹಾಸಿಗೆಯ ಸುರುಳಿಯಲ್ಲಿ ಮುಖ ಹುದುಗಿಸಿ ನಕ್ಕೆವು. ಹೊರಗೆ ಬಂದರೆ ಆಯಿ ಕಟ್ಟೆಯ ಮೇಲೆ ಮುಖ ಬಾಡಿಸಿ ಕೂತಿದ್ದಳು. ನನ್ನ ನಗೆ ಅಲ್ಲೇ ನಿಂತಿತು.

"ನಾ ಏನ್ ತಪ್ಪ ಮಾಡೇನಿ ಹೇಳು," ಅಂದಳು.

ನಾನು ಅವಳ ಬಾಜೂಕ್ಕೆ ಕೂತು ತಿಳಿಸಿ ಹೇಳಿದೆ. ಏಡಿ ಎಷ್ಟು ತಿನ್ನುತ್ತದೆ ಎಂದು ನೋಡಲಿಕ್ಕೇ ಆ ಚೌಕ ಇತ್ತು, ಅಲ್ಲಿ ಗಿಡ ಸಾಯಬೇಕಾಗಿತ್ತು, ಸತ್ತದ್ದನ್ನು ನಾವು ಎಣಿಸಬೇಕಾಗಿತ್ತು ಎಂದು.

"ಸಾಯೂದು ನೋಡಾಕ ಇಷ್ಟ ದೂರ ಬಂದ್ರೇನು?" ಅಂದಳು. "ಮುಂದ ಕುಂತು, ಕೈಕಟಗೊಂಡು? ನಮ್ಮ ಕಡೆ ಅದಕ್ಕ ವಿದ್ಯಾ ಅನ್ನಾಂಗಿಲ್ಲ."

ಅದಕ್ಕೆ ಉತ್ತರ ಸರ್ ಹತ್ತಿರವಿತ್ತು. ಮರುದಿನ ಬೆಳಿಗ್ಗೆ ಆಯಿ ಲಿಂಗಪೂಜೆ ಮುಗಿಸಿ ಎದ್ದಾಗ ಅವರು ಕಟ್ಟೆಯ ಕೆಳಗೆ ನಿಂತಿದ್ದರು. ಕೈಯಲ್ಲಿ ಎರಡು ಲೋಟ ಚಹಾ. ಒಂದನ್ನು ಆಯಿಗೆ ಕೊಟ್ಟು ನೆಲದ ಮೇಲೆ ಕೂತರು.

"ಅಮ್ಮಾ, ತಪ್ಪು ನನ್ನದು. ದನ ಬಾರದ ಹಾಗೆ ನೋಡಿ ಅಂತ ಬಿಡಿಸಿ ಹೇಳಬೇಕಾಗಿತ್ತು. ಈಗ ಒಂದು ಮಾತು ಕೇಳಲೇ? ನೀವು ಒಂದು ಚೌಕ ಕಾದಿರಿ. ಈ ಒಡ್ಡು ಆ ಚರ್ಚಿನ ಗೋಪುರದ ತನಕ ಇದೆ. ಅಷ್ಟನ್ನೂ ಯಾರು ಕಾಯಬೇಕು?"

ಆಯಿ ಒಡ್ಡಿನ ಉದ್ದವನ್ನು ನೋಡಿದಳು. ಚಹಾ ಕುಡಿದಳು.

"ಏಡಿ ಎಷ್ಟು ತಿನ್ನುತ್ತದೆ ಅಂತ ಗೊತ್ತಾದರೆ, ಅದರ ಪಾಲನ್ನು ಸೇರಿಸಿಯೇ ಹಚ್ಚಬಹುದು. ಕಾಯುವವರು ಇಲ್ಲದಿದ್ದರೂ ನಾಲ್ಕು ಗಿಡ ಉಳಿಯುತ್ತವೆ. ಅದಕ್ಕಾಗಿ ಈ ಚೌಕ ಸಾಯಲೇಬೇಕು."

"ಹಂಗ ಅನ್ರಿ ಮತ್ತ," ಅಂದಳು ಆಯಿ ಲೋಟ ಕೆಳಗಿಟ್ಟು. "ಹಕ್ಕಿಗೋಳ ಪಾಲು ಅಂತ ನಾವೂ ಬೀಜ ಜಾಸ್ತಿ ಚೆಲ್ತೇವಿ. ಮೊದಲ ಹೇಳಿದ್ರ ನಾ ಯಾಕ ಈ ಉಪದ್ವ್ಯಾಪ ಮಾಡ್ತಿದ್ನಿ? ನಡು ಹಿಡದ ಹೋಗೇತಿ ನಂದು."

ಹೀಗೆ ರಾಜಿಯಾಯಿತು. ಆದರೆ ಆಯಿ ಸುಮ್ಮನೆ ರಾಜಿಯಾಗುವವಳಲ್ಲ. ತನಗೂ ಒಂದು ಚೌಕ ಬೇಕೆಂದಳು. ಅಲ್ಲಿ ತಾನು ಏನು ಬೇಕಾದರೂ ಮಾಡುವವಳು, ಯಾರೂ ಕೇಳುವಂತಿಲ್ಲ. ಸರ್ ಕೊಂಚ ಯೋಚಿಸಿದರು. ಆಮೇಲೆ ಅವರ ಕಣ್ಣು ಮತ್ತೆ ಹೊಳೆಯಿತು. ಸತ್ತದ್ದನ್ನು ದಿನಾ ತುಂಬುತ್ತ ಹೋದರೆ ಎಷ್ಟು ಕೋಡು ಬೇಕಾಗುತ್ತದೆ? ಅದೂ ತಿಳಿಯಬೇಕಾದ ಸಂಗತಿಯೇ! ಆವತ್ತೇ ಮೂರನೆಯ ಚೌಕಕ್ಕೆ ಹಗ್ಗ ಕಟ್ಟಿದೆವು. ಷರತ್ತು ಒಂದೇ: ಆಯಿ ಬದಲಿಸಿದ್ದನ್ನೆಲ್ಲ ಕತ್ತಿವರಸೆಯ ಹುಡುಗ ಎಣಿಸಬೇಕು. ನಿರಪರಾಧಿಯೆಂದು ಸಾಬೀತಾದ ಮೇಲೆ ಅವನಿಗೆ ಸಿಕ್ಕ ಬಹುಮಾನ ಇದು.

ಬರಿ ಚೌಕವನ್ನು ಹೊಸದಾಗಿ ಹಚ್ಚಿದೆವು. ಏಡಿಗಳಿಗೆ ಹಬ್ಬ. ಆಯಿಯ ಕಣ್ಣೆದುರೇ ಕೋಡುಗಳು ಒಂದೊಂದಾಗಿ ಒರಗಿ ತೂತುಗಳ ಕಡೆ ಹರಿದುಹೋಗುತ್ತಿದ್ದವು. ಮೊದಲ ದಿನ ಅವಳು ಕೊಡೆಯನ್ನು ಬಿಗಿಯಾಗಿ ಹಿಡಿದು ಕೂತಳು. ಎರಡನೆಯ ದಿನ ಮಣಿಯನ್ನು ತಿರುಗಿಸಿ ಚೌಕಕ್ಕೆ ಬೆನ್ನು ಹಾಕಿ ಕೂತಳು. ಮೂರನೆಯ ದಿನ ಕೂಡುವುದನ್ನೇ ಬಿಟ್ಟು ಪೂರ್ತಿ ತನ್ನ ಚೌಕದಲ್ಲೇ ಉಳಿದಳು. ಅಲ್ಲಿಂದ ಅವಳ ಬೈಗುಳ ಹೊಳೆಯ ತಿರುವಿನ ತನಕ ಕೇಳುತ್ತಿತ್ತು. ಮೀನು ಮಾರುವ ಹೆಂಗಸರು ದಾರಿಯಲ್ಲಿ ಬುಟ್ಟಿ ಇಳಿಸಿ ನಿಂತು ಕೇಳುತ್ತಿದ್ದರು. ಬುಟ್ಟಿಗೆ ಹತ್ತು ಮಾರು ದೂರದಲ್ಲಿ, ಮೂಗಿಗೆ ಸೆರಗು ಹಿಡಿದುಕೊಂಡೇ ಆಯಿ ಅವರೊಡನೆ ಗೆಳೆತನ ಬೆಳೆಸಿದಳು. ಅವರು ಕೊಂಕಣಿಯಲ್ಲಿ, ಇವಳು ಖಾನಾಪುರದ ಮರಾಠಿಯಲ್ಲಿ. ಸೊಸೆಯಂದಿರ ವಿಷಯಕ್ಕೆ ಬಂದಾಗ ಭಾಷೆ ಅಡ್ಡಿಯಾಗಲೇ ಇಲ್ಲ.

ಸಮುದ್ರ ನೋಡಿದ್ದು ಕೊನೆಯ ದಿನ. ಹುಡುಗರು ಬಟ್ಟೆ ಸಮೇತ ನೀರಿಗೆ ಬಿದ್ದರು. ಆಯಿ ಪಾದ ತೋಯಿಸಿಕೊಂಡು, ಒಂದು ಬೊಗಸೆ ನೀರು ಬಾಯಿಗೆ ಹಾಕಿ ಉಗುಳಿ, "ಇಷ್ಟ ನೀರಿದ್ದೂ ಒಂದು ಸಾರಿಗೆ ಬರಾಂಗಿಲ್ಲ," ಎಂದು ತೀರ್ಪು ಕೊಟ್ಟಳು.

ಊರಿಗೆ ಬಂದವಳು ಖಾನಾಪುರದಲ್ಲಿ ಇಳಿಯದೆ ನೇರ ಶಹಾಪುರಕ್ಕೇ ಬಂದಳು. ಕಥೆ ಹೇಳಲಿಕ್ಕೆ ಖಾನಾಪುರ ಸಾಲದು ಎಂದು ಅವಳಿಗೆ ಅನಿಸಿರಬೇಕು. ಒಂದು ವಾರ ನಮ್ಮ ಕಟ್ಟೆಯ ಮೇಲೆ ಓಣಿಯ ಹೆಂಗಸರು. ಮೊದಲ ದಿನ ಏಡಿ ಅಂಗೈಯಷ್ಟಿತ್ತು. ವಾರದ ಕೊನೆಗೆ ಮರದಷ್ಟಾಗಿ, ಅಂದರೆ ಭತ್ತ ಕೇರುವ ಮರದಷ್ಟಾಗಿ, ಸರ್ ಅವರ ಇನ್ನೊಂದು ಬೂಟನ್ನೂ ಎಳೆದುಕೊಂಡು ಹೋಗಿತ್ತು. ನಾನು ತಿದ್ದಲಿಲ್ಲ. ಅಪ್ಪನೂ ಒಳಗಿನಿಂದ ಕೇಳುತ್ತಿದ್ದ. ಒಂದು ರಾತ್ರಿ ಊಟಕ್ಕೆ ಕೂತಾಗ ಅವನೇ ಬಾಯಿಬಿಟ್ಟ.

"ಅಲ್ರೀ ಅತ್ತಿ, ಗೋವಾದಾಗ... ಕೆಸರು ಬಿಟ್ಟು ಬ್ಯಾರೆ ಏನೂ ಇಲ್ಲೇನ್ರಿ?"

"ಏಡಿ ಅದಾವಲ್ರಿ ಅಳಿಯಾರ," ಅಂದಳು ಆಯಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ. "ಆದರ ಒಂದು ಮಾತು ತಿಳೀಲಿಲ್ಲ. ಮಾಸ್ತರನ್ನ ಕೇಳಿದರ ನಾನ ಬೆನ್ನ ಹತ್ತಿದ್ನಿ ಅಂತಾರ. ನನ್ನ ಕೇಳಿದರ ನೀವ ಕಳಿಸಿದ್ರಿ. ನಿಮ್ಮನ್ನ ಕೇಳಿದರ?"

ಅಪ್ಪ ನನ್ನ ಕಡೆ ನೋಡಿದ. ಆಯಿಯೂ ನೋಡಿದಳು. ಮಜ್ಜಿಗೆ ತರುವ ನೆವದಲ್ಲಿ ನಾನು ಒಳಗೆ ಹೋದೆ. ಹಿಂದಿನಿಂದ ಅವಳ ನಗೆ ಕೇಳಿಸಿತು. ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತೋ ಏನೋ. ಹೊರಗೆ ಬಂದಾಗ ಅಪ್ಪ ಸಿಟ್ಟಿಗೆ ಬರಬೇಕೆಂದು ಬಹಳ ಪ್ರಯತ್ನಪಡುತ್ತಿದ್ದ. ಅತ್ತೆ ನಗುತ್ತಿರುವಾಗ ಅಳಿಯ ಸಿಟ್ಟಾಗುವ ಪದ್ಧತಿ ನಮ್ಮಲ್ಲಿ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಗಿಡ ನೋಡಲು ಮತ್ತೆ ಹೋದೆವು. ಆಯಿಯೂ ಬಂದಳು. ಬರಿ ಚೌಕದಲ್ಲಿ ಉಳಿದದ್ದು ಬೆರಳಲ್ಲಿ ಎಣಿಸುವಷ್ಟು. ಕೊಳವೆಯ ಚೌಕದಲ್ಲಿ ಹತ್ತಿರಹತ್ತಿರ ಅರ್ಧ. ಆಯಿಯ ಚೌಕದಲ್ಲಿ, ಅವಳು ಹೋದ ಮೇಲೆ ಏಡಿಗಳು ಬಾಕಿ ಎಲ್ಲ ವಸೂಲಿ ಮಾಡಿಕೊಂಡಿದ್ದವು. ಬರಿ ಚೌಕಕ್ಕಿಂತ ನಾಲ್ಕು ಗಿಡ ಹೆಚ್ಚು, ಅಷ್ಟೇ. ಬದುಕಿದ ಗಿಡಗಳಿಗೆ ಮಾತ್ರ ಎಳೆಯ ಜೋಡಿ ಎಲೆ ಬಂದಿದ್ದವು. ಆಯಿ ಒಂದೊಂದನ್ನೂ ಮುಟ್ಟಿ ನೋಡಿದಳು.

"ನಾ ಇಲ್ಲೇ ಇರಬೇಕಾಗಿತ್ತು," ಅಂದಳು.

"ಅದನ್ನೇ ನಾನೂ ಬರೆಯುತ್ತಿದ್ದೇನೆ ಅಮ್ಮಾ," ಎಂದರು ಸರ್. "ಕಾಯುವವರು ಹೋದರೆ ಕಾದದ್ದೂ ಹೋಗುತ್ತದೆ ಅಂತ."

"ಮತ್ತ ನನ್ನ ಹೆಸರ ಹಾಕ್ತೀರೋ ಇಲ್ಲೋ?"

ಸರ್ ನಕ್ಕರು. ಅವರ ಬರಹದಲ್ಲಿ ಮೂರನೆಯ ಚೌಕವನ್ನು 'ನಿರಂತರ ಮರುನಾಟಿ' ಎಂದು ಕರೆದಿದ್ದನ್ನು ನಾನು ಆಮೇಲೆ ಓದಿದೆ. ಮುಂದಿನ ಮಳೆಗಾಲಕ್ಕೆ ಆ ಊರವರು ರೇವೆ ನಿಲ್ಲದಂತೆ ಕೆಳಗೆ ತೂತು ಕೊರೆದ ಅಗಲ ಬಿದಿರಿನ ಕೊಳವೆ ತೊಡಿಸಿ, ಏಡಿಗಳ ಪಾಲನ್ನೂ ಸೇರಿಸಿ, ಒಡ್ಡಿನ ಉದ್ದಕ್ಕೂ ಒತ್ತಾಗಿ ಗಿಡ ಹಚ್ಚಿದರು. ನಾವೂ ಹೋಗಿ ಎರಡು ದಿನ ಕೈ ಜೋಡಿಸಿದೆವು. ಆ ಸಲ ನಮ್ಮ ಜೊತೆಗೆ ಹಿರಿಯರಾಗಿ ಬಂದವನು ಅಪ್ಪ. ಅಂಗಡಿಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಧೋತರವನ್ನು ಮೊಣಕಾಲ ಮೇಲೆ ಕಟ್ಟಿ, ಕೆಸರಿಗೆ ಇಳಿಯುವ ಮೊದಲು ಆಚೀಚೆ ನೋಡಿ ನನ್ನನ್ನು ಹತ್ತಿರ ಕರೆದ.

"ಶಹಾಪುರದಾಗ ಯಾರರೇ ಕೇಳಿದರ," ಅಂದ ಮೆಲ್ಲಗೆ, "ನಾವು ದೇವರಿಗೆ ಹೋಗಿದ್ವಿ ಅಂತ ಹೇಳು."